ಅಪ್‌ಡೇಟ್: ಆ ಮಣ್ಣಿನ ಬ್ಲಾಕ್ ಮನೆಗೆ ಬಂದೆವು

ಗಿಲಾವು ಇಲ್ಲದ ಮಣ್ಣಿನ ಬ್ಲಾಕ್ ಗೋಡೆ, ನಡುವೆ ತೆರೆದ ಅಂಗಳ. ಬೆಂಗಳೂರಿನಲ್ಲಿ ಆರ್ಕಿಟೆಕ್ಟ್ ಒಬ್ಬರು ವಿನ್ಯಾಸ ಮಾಡಿದ ಇಂಥ ಮನೆ ಬಾಡಿಗೆಗೆ ಸಿಕ್ಕಿದೆ, ಹೋಗಬಹುದಾ ಅಂತ ಕೇಳಿದ್ದೆ. ಹೋದೆವು. ಬೇಸಿಗೆಯೂ ಮಳೆಗಾಲವೂ ಇಲ್ಲೇ ಕಳೆದವು.

ಮಳೆಗೆ ಗೋಡೆ ಕರಗಲ್ವಾ ಅಂತ ಹಲವರು ಕೇಳಿದ್ದಿರಿ. ಕರಗಿಲ್ಲ. ಇದು ಬರೀ ಮಣ್ಣಲ್ಲ, ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಬ್ಲಾಕ್. ಇಟ್ಟಿಗೆಯಂತೆ ಸುಡುವುದಿಲ್ಲ, ನೀರುಣಿಸಿ ಗಟ್ಟಿ ಮಾಡುತ್ತಾರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ಅಸ್ತ್ರ ಕೇಂದ್ರ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಚಾವಣಿ ಚೆನ್ನಾಗಿ ಹೊರಗೆ ಚಾಚಿರಬೇಕು, ಅದು ತುಂಬಾ ಮುಖ್ಯ.

ನನಗೆ ಜಾಸ್ತಿ ಇಷ್ಟವಾಗಿದ್ದು ಚಾವಣಿ. ಸ್ಲ್ಯಾಬಿನ ಕೆಳಭಾಗದಲ್ಲಿ ಕಾಂಕ್ರೀಟ್ ಹೆಚ್ಚು ಭಾರ ಹೊರುವುದಿಲ್ಲ, ಕಬ್ಬಿಣ ಹೊರುತ್ತದೆ. ಹಾಗಾಗಿ ಅಲ್ಲಿ ಮಂಗಳೂರು ಹೆಂಚು ತುಂಬಿದ್ದಾರೆ. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಇದನ್ನು ಜನಪ್ರಿಯಗೊಳಿಸಿದರು. ಸಿಮೆಂಟೂ ಉಳಿಯುತ್ತದೆ, ನೋಡಲೂ ಚೆಂದ ಅಲ್ವಾ!

ಕಷ್ಟಗಳೂ ಇವೆ. ಗೋಡೆ ಸಂದಿಯಲ್ಲಿ ಧೂಳು ಕೂರುತ್ತದೆ. ಸಿಕ್ಕಲ್ಲೆಲ್ಲ ಮೊಳೆ ಹೊಡೆಯುವ ಹಾಗಿಲ್ಲ. ಸಂಜೆ ಅಂಗಳದಿಂದ ಸೊಳ್ಳೆ ಬರುತ್ತವೆ, ಜಾಲರಿ ಹಾಕಿಸಿದೆವು. ಕರಾರು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದೇವೆ.