ಸಹಾಯ ಬೇಕು: ಮೊಜಿಯಾ ದ್ವೀಪ, ಮಾರ್ಸಾಲಾದ ಉಪ್ಪಿನ ಗದ್ದೆ ಒಂದೇ ದಿನದಲ್ಲಿ

ಇಟಲಿಯ ಸಿಸಿಲಿ ದ್ವೀಪದ ಈ ಭಾಗಕ್ಕೆ ಹೋಗಿಬಂದವರು ದಯವಿಟ್ಟು ತಿಳಿಸಿ. ಆಗಸ್ಟ್‌ನಲ್ಲಿ ಪಲೆರ್ಮೊದಿಂದ ನಾಲ್ವರು, ಅದರಲ್ಲಿ ಒಬ್ಬರು ಮೊಣಕಾಲು ನೋವಿನ ಹಿರಿಯರು. ಬಾಡಿಗೆ ಕಾರಿದೆ.

ಮೊಜಿಯಾದಲ್ಲಿ ನೆರಳು ಕಡಿಮೆ. ಹಾಗಾಗಿ ಮೊದಲ ದೋಣಿಗೇ ಹೋಗಿ ಫಿನೀಷಿಯನ್ನರ (ಪ್ರಾಚೀನ ಕಡಲ ವ್ಯಾಪಾರಿಗಳು) ಕೋಟೆಗೋಡೆ, ತೋಫೆತ್ (ಮಕ್ಕಳ ಚಿತಾಭಸ್ಮದ ಕುಡಿಕೆ ಹೂತ ಅವರ ಪವಿತ್ರ ಜಾಗ) ಮುಗಿಸಿ, ಬಿಸಿಲೇರಿದ ಮೇಲೆ ವಿಟೇಕರ್ ಮ್ಯೂಸಿಯಂ ಒಳಗೆ (1979ರಲ್ಲಿ ಸಿಕ್ಕ ಅಮೃತಶಿಲೆಯ ಯುವಕನ ಮೂರ್ತಿ ಅಲ್ಲೇ). ಉಪ್ಪಿನ ಗದ್ದೆ ಸಂಜೆಗೆ; ಸೂರ್ಯ ಮುಳುಗುವುದು ಲಗೂನಿನ (ಆಳವಿಲ್ಲದ ಕಡಲ ಹಿನ್ನೀರು) ಕಡೆ, ಗಾಳಿಗಿರಣಿ ಚಿತ್ರಕ್ಕೆ ಅದೇ ಹೊತ್ತು.

ತಿಳಿಯಬೇಕಾದ್ದು: ದಡದ ಒಂದು ದೋಣಿಕಟ್ಟೆಯಿಂದ ಹೋಗಿ ಇನ್ನೊಂದು ಕಟ್ಟೆಗೆ ಅದೇ ಟಿಕೆಟ್‌ನಲ್ಲಿ ವಾಪಸ್ ಬರಬಹುದಾ? ಕೊನೆಯ ದೋಣಿ ಎಷ್ಟಕ್ಕೆ? ದೋಣಿ ಹತ್ತಿ ಇಳಿಯಲು ಹಿಡಿದುಕೊಳ್ಳುವ ಕಂಬಿ ಇದೆಯಾ? ದ್ವೀಪದಲ್ಲಿ ಸಸ್ಯಾಹಾರ ಸಿಗದಿದ್ದರೆ ಬುತ್ತಿ ಕಟ್ಟಿಕೊಳ್ಳುತ್ತೇವೆ. ಉಪ್ಪಿನ ರಾಶಿಗೆ ಹೆಂಚು ಹೊದಿಸುವುದು ಯಾವಾಗ? ಬಿಳಿ ರಾಶಿಗಳು ಬಯಲಲ್ಲಿರುವಾಗಲೇ ನೋಡುವಾಸೆ.