ಐತವಾರ ಎಲ್ಲಿ ಹೋತು?

"ಇವತ್ತು ಯಾವ ಟಿ?" ಅಂತ ಪಂಪಣ್ಣ ಮಾಸ್ತರು ಕೇಳಿದ್ರು.

"ನಂಗ ಶುಂಠಿ ಟೀ. ಸಕ್ಕರಿ ಕಮ್ಮಿ," ಅಂದ ಹುಸೇನಣ್ಣ.

"ಕುಡಿಯೋ ಟೀ ಅಲ್ಲಪಾ. ಡಬ್ಬಿ ಟಿ."

ಮಾಸ್ತರು ಅಂಗಿ ಜೇಬಿಗೆ ಕೈ ಹಾಕಿ ಗುಳಿಗಿ ಡಬ್ಬಿ ತೆಗೆದ್ರು. ಬೆಂಗಳೂರಾಗಿರೋ ಮಗ ಕಳಿಸಿದ್ದು. ಉದ್ದಕ್ಕ ಏಳು ಮನಿ, ಮನಿಗೊಂದು ಮುಚ್ಚಳ, ಮುಚ್ಚಳದ ಮ್ಯಾಲೆ ವಾರದ ಒಂದೊಂದು ಇಂಗ್ಲಿಷ್ ಅಕ್ಷರ. ಎಸ್, ಎಂ, ಟಿ, ಡಬ್ಲ್ಯೂ, ಟಿ, ಎಫ್, ಎಸ್. ಮಾಡಿದ ಪುಣ್ಯಾತ್ಮ ಎರಡು ಟಿ, ಎರಡು ಎಸ್ ಇಟ್ಟು ಕೈ ತೊಳಕೊಂಡಾನ. ಸಾಲದ್ದಕ್ಕ ಡಬ್ಬಿ ತಿರುವಿ ಹಿಡಿದ್ರ ಡಬ್ಲ್ಯೂ ಅನ್ನೋದು ಎಂ ಆಗ್ತೈತಿ. ಮೂವತ್ತಾರು ವರ್ಷ ಹೈಸ್ಕೂಲಿನಾಗ ಇಂಗ್ಲಿಷ್ ಕಲಿಸಿದ ಮನುಷ್ಯ, ಬೇವಿನ ಮರದ ಕೆಳಗ ಡಬ್ಬಿನ ಹಿಂದ-ಮುಂದ ತಿರುಗಿಸ್ತಾ ಕುಂತಿದ್ದು ನೋಡಿ, ಅವರ ಹತ್ರ ಏಟು ತಿಂದ ಹುಡುಗರು ಯಾರಾದ್ರೂ ಇತ್ಲಾಗ ಬರಬಾರದಾ ಅನಿಸ್ತು.

"ಎಲ್ಲಾ ಮನ್ಯಾಗೂ ಅವೇ ಗುಳಿಗಿ ಅಲ್ಲೇನ್ರಿ? ಬಿಪಿದೊಂದು, ಶುಗರ್‌ದೊಂದು. ಯಾವ್ದರ ತಗೊಳ್ರಿ," ಅಂದೆ.

"ನಿನಗೇನ್ ಗೊತ್ತು? ರಾತ್ರಿ ಒಂಬತ್ತಕ್ಕ ಮಗ ವಿಡಿಯೋ ಕಾಲ್ ಮಾಡ್ತಾನ. 'ಅಪ್ಪಾ, ಡಬ್ಬಿ ತೋರ್ಸು' ಅಂತಾನ. ನಾನು ಅವ್ನ ಹೋಂವರ್ಕ್ ಹಿಂಗ ನೋಡಿದ್ನಲ್ಲ, ಅದರ ಬಡ್ಡಿ."

ಸರಿ, ಇವತ್ತು ವಾರ ಯಾವುದು? ಬೆಂಚಿನ ಮ್ಯಾಲಿನ ನಾಲ್ಕೂ ಮಂದಿ ಒಬ್ರ ಮುಖ ಒಬ್ರು ನೋಡಿದ್ವಿ. ನನ್ನ ಮೊಬೈಲು ಮನ್ಯಾಗ ಚಾರ್ಜಿಗಿತ್ತು. ರೈಲ್ವೆಯಾಗ ಗಾರ್ಡ್ ಆಗಿ ರಿಟೈರ್ ಆದ ಗಾರ್ಡ್ ಸಾಹೇಬ್ರು ಪೇಪರ್ ಬಿಡಿಸಿ, "ಬೇಸ್ತವಾರ" ಅಂತ ಗಟ್ಟಿಯಾಗಿ ಹೇಳಿದ್ರು. ಆದ್ರ ಅವರ ಪೇಪರನ್ನ ನಂಬಂಗಿಲ್ಲ. ಮನ್ಯಾಗ ಮೊದ್ಲು ಮಗ, ಆಮ್ಯಾಲೆ ಸೊಸಿ, ಆಮ್ಯಾಲೆ ಮೊಮ್ಮಗಳ ಚಿತ್ರದ ಹಾಳೆ ಆಗಿ, ಕಡೀಕ ಇವರ ಕೈಗೆ ಬರೋದು. ಒಮ್ಮೊಮ್ಮೆ ಐದು ದಿನ ಹಿಂದಿಂದು ಬರ್ತೈತಿ, ಬದನೆಕಾಯಿ ಕಟ್ಟಿದ ಗುರ್ತಿನ ಜೊತಿಗೆ.

"ಅಕ್ಕ ಎಲ್ಲಿ ಅದಾರ?" ಅಂತ ಹುಸೇನಣ್ಣ ಮಾಸ್ತರ ಹೆಂಡ್ತಿ ಸುದ್ದಿ ಕೇಳಿದ.

"ಆಕಿ ಮುಂಜಾನೆ ಐದಕ್ಕ ಹುಲಿಗಿಗೆ ಹೋದ್ಳು. ರಾತ್ರಿನೇ ಡಬ್ಬಿ ತುಂಬಿಟ್ಟಿದ್ಳು."

"ಹುಲಿಗೆಮ್ಮನ ಹತ್ರ ಹೋಗ್ಯಾರ ಅಂದ್ರ ಮಂಗಳವಾರ. ಮುಗೀತಲ್ಲ!"

ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ ಡ್ರೈವರ್ ಹುಸೇನಣ್ಣ. ಯಾವ ವಾರ ಯಾವ ದೇವರ ದಾರ್ಯಾಗ ಎಷ್ಟು ರಶ್ಶು ಅನ್ನೋದು ಅವಂಗ ಬಾಯಿಪಾಠ.

2023ರ ಜೂನ್ 11ಕ್ಕ ಶಕ್ತಿ ಯೋಜನೆ ಬಂದಾಗಿನಿಂದ ಮಾಸ್ತರ ಮನ್ಯಾಗ ವಾರ ತಿಳಿಯೋದು ಹಿಂಗೇ. ಅಕ್ಕ ಊರಾಗ ಇಲ್ಲ ಅಂದ್ರ ಯಾವ ದೇವರು ಅಂತ ಕೇಳಬೇಕು, ವಾರ ತಾನಾಗೇ ಸಿಗ್ತೈತಿ. ಒಂದೆರಡು ಸಲ ಮಾಸ್ತರೂ ಜೊತಿಗೆ ಹೋಗ್ಯಾರ. ಅರವತ್ತು ದಾಟಿದ ಗಂಡಸಿಗೆ ಬಸ್ಸಿನಾಗ ನೂರಕ್ಕ 25 ರಿಯಾಯ್ತಿ. ಅಂದ್ರ ಹೆಂಡ್ತಿಗೆ ಸೊನ್ನೆ ಟಿಕೆಟ್, ಇವರಿಗೆ ಮುಕ್ಕಾಲು ಟಿಕೆಟ್, ಮ್ಯಾಲೆ ಚೀಲ ಹೊರೋ ಕೆಲಸ.

"ಅಕ್ಕ ಮೊದ್ಲು ಬೇಸ್ತವಾರ ಬೇಸ್ತವಾರ ಮಂತ್ರಾಲಯಕ್ಕ ಹೋಗಾಕಿ ಅಲ್ಲೇನ್ರಿ?" ಅಂದೆ.

"ರಾಯರು ಆಂಧ್ರದಾಗ ಅದಾರ. ಫ್ರೀ ಬಸ್ಸು ಗಡೀತನಕ ಅಷ್ಟೇ. 'ಭಕ್ತಿ ಮನಸಿನಾಗ ಇದ್ರ ಸಾಕು' ಅಂತಾಳ ಈಗ."

ಗಡಿ ಅಂದ ಕೂಡ್ಲೇ ಗಾರ್ಡ್ ಸಾಹೇಬ್ರ ಕಿವಿ ನೆಟ್ಟಗಾದ್ವು. ನಮ್ಮೊಳಗ ಹಿರೀಕರು ಅವ್ರು, ಈ ಸಲ ಎಂಬತ್ತು ತುಂಬ್ಯಾವ. "ಗಡಿ ಸುದ್ದಿ ನನ್ನ ಕೇಳ್ರಿ," ಅಂತ ಸುರು ಮಾಡಿದ್ರು. "1945ರಾಗ ಮದ್ರಾಸ್ ಪ್ರಾಂತ್ಯದಾಗ ಹುಟ್ಟಿದೆ. ಎಂಟು ವರ್ಷದವ ಇದ್ದಾಗ, 1953ರ ಅಕ್ಟೋಬರ್ 1ಕ್ಕ, ಎದ್ದು ನೋಡಿದ್ರ ಮೈಸೂರು ರಾಜ್ಯ. ಇಪ್ಪತ್ತೆಂಟಕ್ಕ ಕರ್ನಾಟಕ. ಬಳ್ಳಾರಿ ಬ್ರೂಸ್‌ಪೇಟೆ ಮನಿ ಬಿಟ್ಟು ಒಂದು ಹೆಜ್ಜಿ ಕದಲಿಲ್ಲ, ಮೂರು ರಾಜ್ಯ ತಿರುಗಿ ಬಂದೆ. ಅದೂ ಮುಕ್ಕಾಲು ಟಿಕೆಟಿಲ್ಲದೇ."

"ಆದವಾನಿ, ಆಲೂರು, ರಾಯದುರ್ಗ ಅತ್ಲಾಗ ಹೋದ್ವಲ್ಲ ಆವಾಗ," ಅಂದ್ರು ಮಾಸ್ತರು.

"ಊರು ಅತ್ಲಾಗ ಹೋದ್ವು. ಒಗ್ಗರಣಿ-ಮಿರ್ಚಿ ಜಗಳ ಇಲ್ಲೇ ಉಳೀತು," ಅಂದ ಹುಸೇನಣ್ಣ.

ಈ ಜಗಳ ತಿಳಿಯದವ್ರಿಗೆ ಒಂದು ಮಾತು. ಮಂಡಕ್ಕಿ ನೆನೆಸಿ, ಹಿಂಡಿ, ಒಗ್ಗರಣಿ ಕೊಟ್ಟು, ಮ್ಯಾಲೆ ಪುಟಾಣಿ ಪುಡಿ ಉದುರಿಸಿ, ಪಕ್ಕಕ್ಕ ಎರಡು ಮಿರ್ಚಿ ಇಟ್ಟು ಕೊಡ್ತಾರಲ್ಲ, ಅದಕ್ಕ ನಮ್ಮ ಕಡೆ ಒಗ್ಗರಣಿ ಅಂತಾರ. ಅತ್ಲಾಗ ಅದೇ ಉಗ್ಗಾಣಿ. ಮಂಡಕ್ಕಿಗೆ ಒಬ್ರು ಮಂಡಾಳು ಅಂತಾರ, ಇನ್ನೊಬ್ರು ಬೊರುಗುಲು ಅಂತಾರ. ಹೆಸರು ಯಾವುದಾದ್ರೂ ಅದು ನಮಗ ನಾಲ್ಕೂ ಮಂದಿಗೂ ಡಾಕ್ಟರು ಬ್ಯಾಡ ಅಂದ ಪದಾರ್ಥ. ಪಾರ್ಕಿನ ಗೇಟಿನ ಎದುರಿಗೇ ಬಂಡಿ. ಎಣ್ಣಿ ಕಾಯೋ ವಾಸನಿ ಗಾಳಿಗೆ ಬೆಂಚಿನ ತನಕ ಬರ್ತೈತಿ. ಈ ಬೆಂಚೇ ಯಾಕ ಆರಿಸಿದ್ವಿ ಅಂತ ಮನಿಯವ್ರು ಕೇಳಿದ್ರ "ನೆರಳು ಚೆನ್ನಾಗೈತಿ" ಅಂತೀವಿ.

"ಗಾರ್ಡ್ ಸಾಹೇಬ್ರೇ, ನಿನ್ನೆ ಬ್ಯಾಂಕಿಗೆ ಹೋಗಿದ್ರಲ್ಲ, ಏನಾತು?" ಅಂದ್ರು ಮಾಸ್ತರು, ಹೇಳುತ್ತಲೇ ನನ್ನ ಕಡೆ ಓರೆ ನೋಟ ಬೀರಿ.

ನಾನು ಬ್ಯಾಂಕಿನಾಗ ಕ್ಯಾಶಿಯರ್ ಆಗಿ ಎರಡು ವರ್ಷದ ಹಿಂದ ರಿಟೈರ್ ಆದವ. ಹಿಂಗಾಗಿ ಲೋಕದ ಯಾವ ಬ್ಯಾಂಕಿನ ಸರ್ವರ್ ಬಿದ್ರೂ ಈ ಬೆಂಚಿನ ಮ್ಯಾಲೆ ಹೊಣೆ ನಂದೇ.

"ಅಕ್ಟೋಬರ್ ಬಂತಲ್ಲ, ಪಿಂಚಣಿ ತಗೊಳ್ಳೋರಾಗ ಎಂಬತ್ತು ಆದವ್ರು ನವೆಂಬರ್‌ತನಕ ಕಾಯೋದು ಬ್ಯಾಡ, ಈಗ್ಲೇ ಜೀವಂತ ಅದೀನಿ ಅಂತ ಬರೆದು ಕೊಡಬಹುದು. ಹೋದೆ. ಬೆರಳು ಇಡ್ರಿ ಅಂದ. ಇಟ್ಟೆ. ಇನ್ನೊಂದು ಬೆರಳು ಅಂದ. ಅದನ್ನೂ ಇಟ್ಟೆ. ಹತ್ತೂ ಮುಗಿದ್ವು. ಕೆಂಪು-ಹಸಿರು ಬಾವುಟ ಹಿಡಿದು ಹಿಡಿದು ಗೆರಿ ಸವದಾವಂತ ಹೇಳಿದೆ. ಆ ಹುಡುಗ ಬಾಳ ಮರ್ಯಾದಿಂದ, 'ಅಜ್ಜಾ, ನೀವು ಬದುಕೀರಿ ಅಂತ ಸಿಸ್ಟಮ್ ಒಪ್ಪವಲ್ದು' ಅಂದ."

"ಯಾಕ ಒಪ್ತೈತಿ? ಕೇಂದ್ರದ ಪಿಂಚಣಿಗೆ ಎಂಬತ್ತು ತುಂಬಿದ್ರ ನೂರಕ್ಕ 20 ಜಾಸ್ತಿ ಕೊಡಬೇಕಲ್ಲ," ಅಂದೆ. ನನ್ನ ಕಸುಬಿನ ಜ್ಞಾನ ಉಪಯೋಗಕ್ಕ ಬರೋದು ಇಂಥಲ್ಲಿ. "ಎಂಬತ್ತೈದಕ್ಕ 30, ತೊಂಬತ್ತಕ್ಕ 40, ತೊಂಬತ್ತೈದಕ್ಕ 50. ನೂರು ತುಂಬಿದ್ರ ಇಡೀ ನೂರು."

"ಡಬಲ್ಲಾ!" ಹುಸೇನಣ್ಣ ಎದ್ದು ನಿಂತ. "ಸಾಹೇಬ್ರೇ, ಇವತ್ತಿನಿಂದ ನೀವು ಮಿರ್ಚಿ ಮುಟ್ಟಬ್ಯಾಡ್ರಿ. ನಿಮ್ಮ ಪಾಲು ನಾನು ನೋಡ್ಕೋತೀನಿ."

"ಮುಂದ ಕೇಳ್ರಿ. ಮನಿಗೆ ಬಂದೆ, ಮೊಮ್ಮಗಳು ಮೊಬೈಲಿನಾಗೇ ಮುಖ ತೋರ್ಸಿ ಮಾಡಬಹುದು ತಾತ ಅಂದ್ಳು. ಹಿಡಿದ್ಳು. 'ಕಣ್ಣು ಮಿಟುಕಿಸು' ಅಂತ ಬಂತು. ಮಿಟುಕಿಸಿದೆ. ಇನ್ನೊಮ್ಮೆ ಅಂತು. ಒಂದು ಕಣ್ಣು ಪೊರೆ ತೆಗೆಸಿದ್ದು, ಇನ್ನೊಂದು ತೆಗೆಸಬೇಕಾದ್ದು, ಎರಡೂ ಒಂದೇ ಸಲ ಎಲ್ಲಿ ಮಿಟುಕ್ತಾವ? ನಾನು ಒಂದೊಂದಾಗಿ ಹೊಡೀತಾ ಕುಂತೆ. ಅಷ್ಟ್ರಾಗ ಅಡಿಗಿಮನಿಯಿಂದ ನಮ್ಮಾಕಿ ಬಂದು ಬಾಗಲದಾಗ ನಿಂತ್ಳು."

"ಏನಂದ್ರು?"

"'ಐವತ್ತೈದು ವರ್ಷದಾಗ ನಂಗ ಒಮ್ಮೆ ಹೊಡೀಲಿಲ್ಲ, ಸರ್ಕಾರಕ್ಕ ಹೊಡಿಯಾಕ ಹತ್ಯಾರ ನೋಡು' ಅಂದ್ಳು."

ಮಾಸ್ತರಿಗೆ ನಕ್ಕು ಕೆಮ್ಮು ಬಂತು. ನಕ್ಕಾಗ ಕೆಮ್ಮು, ಕೆಮ್ಮಿದಾಗ ಸೊಂಟ, ಸೊಂಟ ಹಿಡಕೊಂಡಾಗ ಕನ್ನಡಕ ಬೀಳೋದು, ಇದೆಲ್ಲ ನಮ್ಮ ಬೆಂಚಿನ ಕ್ರಮ. ಕನ್ನಡಕ ಎತ್ತಿ ಕೊಡೋ ಕೆಲಸ ಕಿರಿಯವನಾದ ನಂದು.

ಪ್ರಮಾಣಪತ್ರ ಕಡೀಕೂ ಆತು ಅನ್ನಿ. ನಾನು ಮಾತ್ರ ಸುಮ್ನಾದೆ. ಕೌಂಟರಿನ ಒಳಗ ಕುಂತಿದ್ದಾಗ ಇಂಥಾ ಎಷ್ಟು ಮಂದಿ ಅಜ್ಜಂದಿರಿಗೆ "ನಾಳೆ ಬರ್ರಿ" ಅಂದೀನೋ. ಮೊನ್ನೆ ಪಾಸ್‌ಬುಕ್ ಎಂಟ್ರಿಗೆ ಹೋದಾಗ ನನ್ನ ಕುರ್ಚಿಯಾಗ ಕುಂತ ಹುಡುಗಿ ನಂಗೇ "ಊಟದ ಟೈಮು, ಅಂಕಲ್" ಅಂದ್ಳು. ಅದೇ ದನಿ, ಅದೇ ಬೋರ್ಡು, ತಿರುಗಿಸಿಟ್ಟ ಬಗಿನೂ ಅದೇ. ನಾನೇ ಕಲಿಸಿದ್ದು.

"ಇರ್ಲಿ ಬಿಡ್ರಿ," ಅಂದ್ರು ಗಾರ್ಡ್ ಸಾಹೇಬ್ರು. "ನನ್ನ ಸಂಕಟ ಬ್ಯಾರೆ. ನಾನು 2005ರಾಗ ಗಾರ್ಡ್ ಆಗಿ ಇಳಿದೆ. 2022ರಾಗ ರೈಲ್ವೆಯವ್ರು ಗಾರ್ಡ್‌ಗಳಿಗೆ ಟ್ರೇನ್ ಮ್ಯಾನೇಜರ್ ಅಂತ ಹೆಸರಿಟ್ರು. ಹದಿನೇಳು ವರ್ಷದಾಗ ತಪ್ಪಿಹೋತು. ಇಲ್ಲಾಂದ್ರ ನೀವೆಲ್ಲ ನನ್ನ ಮ್ಯಾನೇಜರ್ ಸಾಹೇಬ್ರೇ ಅನ್ನಬೇಕಾಗಿತ್ತು."

"ಈಗ ಮ್ಯಾನೇಜ್ ಮಾಡೋಕೆ ಏನೈತಿ ನಮ್ಮ ಹತ್ರ?" ಅಂದ್ರು ಮಾಸ್ತರು. "ಹಾಲು, ಸೊಪ್ಪು, ನೀರು."

ನೀರು! ಆ ಮಾತು ಬಂದಿದ್ದೇ ತಡ, ಎಲ್ರೂ ಒಮ್ಮೆ ಮನಿ ದಿಕ್ಕಿಗೆ ತಿರುಗಿದ್ವಿ. ಬಳ್ಳಾರಿಯಾಗ ನಲ್ಲಿ ನೀರು ಬರೋ ದಿನ ಅನ್ನೋದು ಹಬ್ಬದಂಗ, ದಿನ ದಿನ ಬರಂಗಿಲ್ಲ. ಹಬ್ಬಕ್ಕಾದ್ರ ಪಂಚಾಂಗ ಐತಿ. ಇದಕ್ಕ ವಾಲ್‌ಮನ್‌ನ ಮನಸೇ ಪಂಚಾಂಗ. ತುಂಗಭದ್ರಾ ಕಾಲುವಿಯಿಂದ ಅಲ್ಲೀಪುರ ಕೆರಿಗೆ, ಅಲ್ಲಿಂದ ನಮ್ಮ ಓಣಿಗೆ ಬರೋದ್ರೊಳಗ ಅದಕ್ಕೂ ನಮ್ಮಂಗೇ ವಯಸ್ಸಾಗಿರ್ತೈತಿ. ಮನ್ಯಾಗ ದುಡಿಯೋ ಮಂದಿ ಕೆಲಸಕ್ಕ ಹೋದ ಮ್ಯಾಲೆ, ಮೋಟಾರ್ ಹಾಕಿ ಸಂಪ್ ತುಂಬೋ ಜವಾಬ್ದಾರಿ ಯಾರ್ದು ಅಂತ ಬ್ಯಾರೆ ಹೇಳಬೇಕಾ?

ನೀರಿನ ಸುದ್ದಿಗೆ ನಮ್ಮ ಬೆಂಚು ಒಮ್ಮೆ ಮಾತ್ರ ನಿಜವಾಗ್ಲೂ ನಡುಗಿದ್ದು, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದಾಗ. ತುಂಬಿದ ಡ್ಯಾಮು, ಹೊಳಿ ಪಾಲಾಗ್ತಿರೋ ನೀರು. ಮಾರನೇ ದಿನ ಮಾಸ್ತರು ಕೋಲಿನಿಂದ ಮಣ್ಣಾಗ ನಕ್ಷೆ ಬರೆದ್ರು, ಹುಸೇನಣ್ಣ ಲಾರಿ ಚೈನು ಹಾಕಿ ಎಳೀಬಹುದು ಅಂದ, ಗಾರ್ಡ್ ಸಾಹೇಬ್ರು ಕ್ರೇನನ್ನ ರೈಲಿನಾಗ ತರಿಸಿದ್ರು. ಅಲ್ಲಿ ಎಂಜಿನಿಯರುಗಳು ಹರಿಯೋ ನೀರಾಗೇ ಒಂದು ವಾರದಾಗ ತಡೆ ಇಳಿಸಿ ಒಂದು ಗೇಟಿನ ನೀರು ನಿಲ್ಲಿಸೋ ಹೊತ್ತಿಗೆ, ಇಲ್ಲಿ ನಾವು 33 ಗೇಟೂ ರಿಪೇರಿ ಮಾಡಿ ಮುಗಿಸಿದ್ವಿ.

"ನಾನು ಒಂದು ಮಾತು ಕೇಳ್ಲಾ?" ಅಂದ ಹುಸೇನಣ್ಣ, ದನಿ ಇಳಿಸಿ. "ಡ್ಯೂಟಿ ಇದ್ದಾಗ ವಾರಕ್ಕೊಂದು ರಜಾ ಇತ್ತು. ಈಗ ಅದೂ ಇಲ್ಲ. ಐತವಾರ ಎಲ್ಲಿ ಹೋತು?"

ಯಾರೂ ಮಾತಾಡಲಿಲ್ಲ. ನಿಜಕ್ಕೂ ಎಲ್ಲಿ ಹೋತು? ರಿಟೈರ್ ಆದ ದಿನ ಹಾರ ಹಾಕಿ, "ಇನ್ಮ್ಯಾಲೆ ನಿಮಗ ದಿನಾ ಐತವಾರ" ಅಂದಿದ್ರು. ನೆನಪೈತಿ ನಂಗ. ದಿನಾ ಐತವಾರ ಅಂದ್ರ ಒಂದೂ ಐತವಾರ ಇಲ್ಲ ಅಂತ ಆ ಹಾರದಾಗ ಬರೆದಿರಲಿಲ್ಲ. ಶನಿವಾರ ಸಂಜಿ ಬ್ಯಾಂಕಿನ ಶಟರ್ ಎಳದಾಗ ಕೇಳ್ತಿತ್ತಲ್ಲ ಒಂದು ಸದ್ದು, ಅದರಷ್ಟು ಚೆಂದ ಯಾವ ಸಂಗೀತನೂ ಇರಲಿಲ್ಲ. ಈಗ ಯಾರ ಶಟರೂ ನನ್ನ ಸಲುವಾಗಿ ಇಳಿಯಂಗಿಲ್ಲ.

"ಹಂಗಾದ್ರ ನಾವೇ ಒಂದು ದಿನ ಐತವಾರ ಅಂತ ಗೊತ್ತು ಮಾಡೋಣ," ಅಂದ್ರು ಗಾರ್ಡ್ ಸಾಹೇಬ್ರು. ಟೈಂಟೇಬಲ್ ಅಂದ್ರ ಅವರಿಗೆ ಪ್ರಾಣ. ಇವತ್ತಿಗೂ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಕೂಗಿದ್ರ ಹಾಸಿಗ್ಯಾಗ ಮಲಕೊಂಡೇ ಗಡಿಯಾರ ನೋಡಿ, ಲೇಟಾಗಿದ್ರ ಹೆಂಡ್ತಿಗೆ ಹೇಳಿ, ಟೈಮಿಗಿದ್ರ ತಾವೊಬ್ರೇ ಖುಷಿಪಟ್ಟು ಮಲಗೋ ಮನುಷ್ಯ.

ನಿಜವಾದ ಐತವಾರ ಮೊದ್ಲೇ ಬಿದ್ದುಹೋತು. ಅವತ್ತು ಮಕ್ಕಳು ಮನ್ಯಾಗ ಇರ್ತಾರ, ಟಿವಿ ಅವರ್ದು, ಮೊಮ್ಮಕ್ಕಳ ಪ್ರಾಜೆಕ್ಟಿಗೆ ಥರ್ಮೋಕೋಲ್ ಕೊಯ್ಯೋದು ನಮ್ದು. ಸೋಮವಾರ ಹುಸೇನಣ್ಣನ ಮೊಮ್ಮಗನ ಟ್ಯೂಷನ್. ಬುಧವಾರ, ಬೇಸ್ತವಾರ ನಂಗ ಆಸ್ಪತ್ರಿ. ಶುಕ್ರವಾರ ಹುಸೇನಣ್ಣಂಗ ಮಸೀದಿ, ಗಾರ್ಡ್ ಸಾಹೇಬ್ರನ್ನ ಮನಿಯವ್ರು ಕನಕದುರ್ಗಮ್ಮನ ಗುಡಿಗೆ ಎಳಕೊಂಡು ಹೋಗ್ತಾರ. ಶನಿವಾರ ಮಾಸ್ತರದ್ದು ಒಪ್ಪತ್ತು, ಉಳ್ಳಾಗಡ್ಡಿ ಮುಟ್ಟಂಗಿಲ್ಲ, ಉಳ್ಳಾಗಡ್ಡಿ ಇಲ್ಲದ ಒಗ್ಗರಣಿ ಅಂದ್ರ ಅದು ರಜಾನೇ ಅಲ್ಲ.

"ನಾಲ್ಕು ಮಂದಿಗೆ ಏಳು ದಿನ, ಒಂದೂ ಖಾಲಿ ಇಲ್ಲ," ಅಂದ್ರು ಮಾಸ್ತರು. "ನೌಕರಿ ಮಾಡಾಗ ಇಷ್ಟು ಬಿಜಿ ಇರಲಿಲ್ಲ ನಾನು."

"ಮಂಗಳವಾರ?" ಅಂದೆ.

ಮಂಗಳವಾರಕ್ಕ ಯಾರೂ ಏನೂ ಅಡ್ಡಿ ಹೇಳಲಿಲ್ಲ. ಅಕ್ಕ ಹುಲಿಗಿಗೆ ಹೋಗ್ಯಾರ, ಬರೋದು ರಾತ್ರಿಗೆ. ಗಾರ್ಡ್ ಸಾಹೇಬ್ರ ಮನಿಯವ್ರೂ ಅದೇ ಬಸ್ಸಿನಾಗ ಹೋಗ್ಯಾರ. ನೀರು ನಿನ್ನೇನೇ ಬಂದು ಹೋತು. ಬ್ಯಾಂಕಿನ ಕೆಲಸ ಯಾರ್ದೂ ಇಲ್ಲ. ನಾಲ್ಕೂ ಮಂದಿ ಮೆಲ್ಲಗ ಗೇಟಿನ ಕಡೆ ನೋಡಿದ್ವಿ. ಬಂಡಿಯವ ಹಸಿಮೆಣಸಿನಕಾಯಿ ಹೊಟ್ಟಿ ಸೀಳಿ ಹಿಟ್ಟಾಗ ಅದ್ದಾಕ ಹತ್ತಿದ್ದ.

"ನಾಲ್ಕು ಪ್ಲೇಟ್," ಅಂತ ಹುಸೇನಣ್ಣ ಕೂತಲ್ಲಿಂದ್ಲೇ ಕೂಗಿದ. ಬಸ್ ಸ್ಟ್ಯಾಂಡಿನಾಗ ಪಳಗಿದ ಗಂಟಲು, ಎದುರಿನ ಓಣಿಗೂ ಕೇಳಿಸ್ತು. "ಇವತ್ತು ಐತವಾರ!"

ಮಿರ್ಚಿ ಬಿಸಿ ಇದ್ವು. ಗಾರ್ಡ್ ಸಾಹೇಬ್ರು ನೂರು ವರ್ಷದ ಡಬಲ್ ಪಿಂಚಣಿ ಬಿಟ್ಟುಕೊಟ್ಟು ಎರಡು ತಿಂದ್ರು, ಹುಸೇನಣ್ಣ ಅವರ ಪಾಲನ್ನ ಕಾಯ್ತಾ ಕುಂತಿದ್ದು ದಂಡ ಆತು. ಗುಡ್ಡದ ಕಡೆಯಿಂದ ಬಿಸಿಲು ಇಳೀತಿತ್ತು. ಒಗ್ಗರಣಿ ತಳದಾಗ ಉಳಿದ ಶೇಂಗಾ ಒಂದೊಂದೇ ಆರಿಸಿ ತಿನ್ನೋ ಹೊತ್ತಿನಾಗ ಯಾರೂ ಮಾತಾಡಂಗಿಲ್ಲ, ಅದು ನಮ್ಮಲ್ಲಿ ನಿಯಮ.

ತಿಂದು, ನೀರು ಕುಡಿದು, ಮಾಸ್ತರು ಡಬ್ಬಿ ತೆಗೆದ್ರು. ಟಿ ಬಿಟ್ಟು ಎಸ್ ಮುಚ್ಚಳ ತೆಗೆದು ಎರಡೂ ಗುಳಿಗಿ ನುಂಗಿಬಿಟ್ರು.

"ಯಾಕ್ರಿ, ಮಂಗಳವಾರದ್ದು ಟಿ ಅಲ್ಲೇನು?" ಅಂದೆ.

"ಐತವಾರ ಅಂತ ಈಗರ ಠರಾವು ಆತಲ್ಲಪಾ."

ಗಾರ್ಡ್ ಸಾಹೇಬ್ರು ಡಬ್ಬಿ ಇಸಕೊಂಡು, ಕನ್ನಡಕ ಏರಿಸಿ, ಒಮ್ಮೆ ಹಿಂಗ ಒಮ್ಮೆ ಹಂಗ ತಿರುಗಿಸಿ ನೋಡಿದ್ರು.

"ಅದು ಸರಿ," ಅಂದ್ರು. "ಇದು ಯಾವ ಎಸ್?"