ಕಬಡ್ಡಿ ಹುಡುಗರನ್ನು ರಗ್ಬಿ ತಂಡ ಮಾಡುವುದು ಹೇಗೆ? ಹಾಸನದಿಂದ ಒಂದು ಪ್ರಶ್ನೆ

ಹಾಸನ_ಪಿಟಿ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಪಿಟಿ ಮೇಷ್ಟ್ರು. ಒಂದು ವರ್ಷದಿಂದ 16 ಹುಡುಗರಿಗೆ ಸಂಜೆ ಹೊತ್ತು ಸೆವೆನ್ಸ್ ರಗ್ಬಿ (ತಂಡಕ್ಕೆ ಏಳೇ ಜನ ಆಡುವ ರಗ್ಬಿ) ಹೇಳಿಕೊಡುತ್ತಿದ್ದೇನೆ. ಎಲ್ಲರೂ 15ರಿಂದ 17 ವರ್ಷದವರು. ಹತ್ತು ಜನ ಕಬಡ್ಡಿ ಆಡಿ ಬಂದವರು, ನಾಲ್ಕು ಜನ ಖೋ ಖೋ, ಇನ್ನಿಬ್ಬರು ನೂರು ಮೀಟರ್ ಓಟದವರು. ಒಬ್ಬೊಬ್ಬರನ್ನೇ ನೋಡಿದರೆ ಇಂಥ ಹುಡುಗರು ಎಲ್ಲೂ ಸಿಗುವುದಿಲ್ಲ ಅನಿಸುತ್ತದೆ. ಅಷ್ಟು ಗಟ್ಟಿ, ಅಷ್ಟು ಚುರುಕು.

ಹೋದ ತಿಂಗಳು ಬೆಂಗಳೂರಿಗೆ ಕರೆದುಕೊಂಡು ಹೋಗಿ ಮೂರು ಸ್ನೇಹಪಂದ್ಯ ಆಡಿಸಿದೆ. ಮೂರೂ ಸೋತೆವು. ಒಂದರಲ್ಲಂತೂ 31–5. ಸೋತದ್ದಕ್ಕಿಂತ ಸೋತ ರೀತಿಗೆ ಬೇಜಾರು. ಚೆಂಡು ಸಿಕ್ಕವನು ತಲೆ ತಗ್ಗಿಸಿಕೊಂಡು ಒಬ್ಬನೇ ನುಗ್ಗುತ್ತಾನೆ, ಮೂರು ಜನ ಬಂದು ಬೀಳಿಸುತ್ತಾರೆ, ಹಿಂದೆ ನೋಡಿದರೆ ನಮ್ಮವರು ಒಬ್ಬರೂ ಹತ್ತಿರ ಇರುವುದಿಲ್ಲ, ಚೆಂಡು ಅವರ ಪಾಲು. ಟ್ಯಾಕಲ್, ಅಂದರೆ ಚೆಂಡಿರುವವನನ್ನು ಹಿಡಿದು ಬೀಳಿಸುವುದು, ಅದರಲ್ಲಿ ನಮ್ಮವರದ್ದೇ ಮೇಲುಗೈ. ಆದರೆ ಟ್ಯಾಕಲ್ ಆದ ಮೇಲೆ ರೆಫರಿ ಸೀಟಿ ಊದಿ ಪೆನಾಲ್ಟಿ ಅವರಿಗೇ ಕೊಡುತ್ತಿದ್ದರು.

ಅದಕ್ಕಿಂತ ಜಾಸ್ತಿ ತಲೆಬಿಸಿ ಬೇರೆ ಇದೆ. ಆರು ಹುಡುಗರು ಸಕಲೇಶಪುರ, ಆಲೂರು ಕಡೆಯಿಂದ ಬರುವವರು, ಉಳಿದವರು ಪೇಟೆಯವರು. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಗುಂಪು ಮುಂದೆ, ಇನ್ನೊಂದು ಗುಂಪು ಹಿಂದೆ. ಚನ್ನರಾಯಪಟ್ಟಣದಲ್ಲಿ ಟೀಗೆ ಇಳಿದಾಗಲೂ ಬೇರೆ ಬೇರೆ ನಿಂತರು. "ಅವನು ಪಾಸ್ ಕೊಡಲಿಲ್ಲ", "ಇವನು ಬರಲೇ ಇಲ್ಲ", ಇದೇ ಮಾತು.

ಬಂದ ಮೇಲೆ ಮೈದಾನದ ಸುತ್ತು ಜಾಸ್ತಿ ಮಾಡಿದ್ದೇನೆ. ದಿನಾ 12 ಸುತ್ತು. ಫಿಟ್‌ನೆಸ್ ಸರಿಯಾದರೆ ಉಳಿದದ್ದೂ ಸರಿಹೋಗುತ್ತದಾ? ಇಲ್ಲ ನಾನು ನೋಡುತ್ತಿರುವ ಕಡೆಯೇ ತಪ್ಪಾ? ಅನುಭವ ಇರುವವರು ದಯವಿಟ್ಟು ಹೇಳಿ.

ಅರಸೀಕೆರೆ_ಸ್ಕ್ರಮ್‌ಹಾಫ್:

ಸರ್, ಆ 12 ಸುತ್ತು ಇವತ್ತೇ ನಿಲ್ಲಿಸಿ. ಸೆವೆನ್ಸ್ ಅಂದರೆ 7 ನಿಮಿಷದ ಎರಡು ಭಾಗ, ಒಟ್ಟು 14 ನಿಮಿಷ. ಅಷ್ಟರಲ್ಲಿ ಜೋರಾಗಿ ಓಡಬೇಕು, ಬೀಳಬೇಕು, ಏಳಬೇಕು, ಉಸಿರು ಹಿಡಿಯುವಷ್ಟರಲ್ಲಿ ಮತ್ತೆ ಓಡಬೇಕು. ನಿಧಾನಕ್ಕೆ ಸುತ್ತು ಹಾಕಿಸಿದರೆ ನಿಧಾನ ಓಡುವುದನ್ನೇ ಕಲಿಯುತ್ತಾರೆ. ಚೆಂಡು ಕೊಟ್ಟು ಓಡಿಸಿ.

ನಿಮ್ಮ ಹುಡುಗರು ರಗ್ಬಿ ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದಾರೆ. ನಾನೂ ಕಬಡ್ಡಿಯಿಂದಲೇ ಬಂದವನು, ಅದಕ್ಕೇ ಗೊತ್ತಾಗುತ್ತದೆ. ರೈಡರ್ ಒಬ್ಬನೇ ಹೋಗಬೇಕು, 30 ಸೆಕೆಂಡಿನಲ್ಲಿ ಮುಟ್ಟಿ ಬರಬೇಕು. ಅದು ಮೈಯಲ್ಲಿ ಕೂತುಬಿಟ್ಟಿರುತ್ತದೆ. ಹಿಡಿಯುವವರದ್ದೂ ಹಾಗೇ, ಒಮ್ಮೆ ಹಿಡಿದರೆ ಬಿಡಬಾರದು ಅಂತ ಚಿಕ್ಕಂದಿನಿಂದ ಹೇಳಿಸಿಕೊಂಡವರು. ರಗ್ಬಿಯಲ್ಲಿ ಬೀಳಿಸಿದ ಕೂಡಲೇ ಬಿಟ್ಟು ಸರಿಯಬೇಕು. ಬಿದ್ದವನೂ ಚೆಂಡು ಬಿಡಬೇಕು. ನಿಮ್ಮ ಪೆನಾಲ್ಟಿಗಳಲ್ಲಿ ಹೆಚ್ಚಿನವು ಇದಕ್ಕೇ ಬಂದಿರುತ್ತವೆ, ಹುಡುಗರನ್ನೇ ಕೇಳಿ ನೋಡಿ. ನಾವು ಅಭ್ಯಾಸದಲ್ಲಿ ಒಂದು ನಿಯಮ ಮಾಡಿಕೊಂಡಿದ್ದೆವು: ಟ್ಯಾಕಲ್ ಮಾಡಿದವನು "ಬಿಟ್ಟೆ" ಅಂತ ಜೋರಾಗಿ ಕೂಗಿ ಎರಡೂ ಕೈ ಎತ್ತಿ ತೋರಿಸಬೇಕು. ಮೂರು ವಾರದಲ್ಲಿ ರೂಢಿ ಆಯಿತು.

ಡ್ಯಾಶ್ ಮಾಡುವವರನ್ನು, ಅಂದರೆ ಕಬಡ್ಡಿಯಲ್ಲಿ ರೈಡರ್‌ಗೆ ಗುದ್ದಿ ಅಂಕಣದಿಂದ ಹೊರಗೆ ತಳ್ಳುವವರನ್ನು, ಸ್ವಲ್ಪ ನೋಡಿಕೊಳ್ಳಿ. ಕೈಯಿಂದ ತಬ್ಬಿ ಹಿಡಿಯದೆ ಬರೀ ಭುಜದಿಂದ ಗುದ್ದಿದರೆ ಇಲ್ಲಿ ಫೌಲ್. ತೊಡೆ ಹಿಡಿದು ಎತ್ತಿ ತಲೆ ಕೆಳಗಾಗಿ ಹಾಕಿದರೆ ಕೆಂಪು ಕಾರ್ಡ್ ಬರಬಹುದು. ಭುಜಕ್ಕಿಂತ ಮೇಲೆ ಹಿಡಿಯುವ ಹಾಗೇ ಇಲ್ಲ. ಇನ್ನು ಆಂಕಲ್ ಹೋಲ್ಡ್, ಅಂದರೆ ರೈಡರ್‌ನ ಪಾದದ ಗಂಟು ಹಿಡಿಯುವುದು. ಅದಕ್ಕೆ ಹಾರುವ ಹುಡುಗನ ತಲೆ ಎಷ್ಟೋ ಸಲ ಎದುರಿನವನ ಮಂಡಿಯ ಮುಂದೆ ಬರುತ್ತದೆ. ಕಬಡ್ಡಿ ಅಂಕಣ ಚಿಕ್ಕದು, ರೈಡರ್‌ಗೆ ಅಷ್ಟು ವೇಗ ಇರುವುದಿಲ್ಲ. ಇಲ್ಲಿ ಅವನು ಮೂವತ್ತು ಮೀಟರ್ ಓಡಿಕೊಂಡು ಬಂದಿರುತ್ತಾನೆ, ಆ ಮಂಡಿ ತಲೆಗೆ ಬಡಿದರೆ ಏನಾಗಬಹುದು ಯೋಚಿಸಿ. ತಲೆ ಯಾವಾಗಲೂ ಓಡುವವನ ಹಿಂದಿನ ಕಡೆ ಇರಬೇಕು, ಕೆನ್ನೆ ಅವನ ಸೊಂಟದ ಹಿಂಭಾಗಕ್ಕೆ ಅಂಟಬೇಕು, ಕಣ್ಣು ತೆರೆದಿರಬೇಕು. ಬಲಭುಜ ಕೊಡುವುದಾದರೆ ಬಲಗಾಲು ಹತ್ತಿರ ಊರಬೇಕು. ಮೊದಲು ಇಬ್ಬರೂ ಮಂಡಿಯೂರಿ ಮಾಡಲಿ, ಆಮೇಲೆ ನಡೆಯುತ್ತಾ, ಆಮೇಲೆ ಮೆಲ್ಲಗೆ ಓಡುತ್ತಾ. ಅವಸರ ಬೇಡ ಸರ್, ಇದರಲ್ಲಿ ಎರಡು ತಿಂಗಳು ಹೋದರೂ ಪರವಾಗಿಲ್ಲ.

ಕಬಡ್ಡಿಯಿಂದ ಲಾಭವೂ ಇದೆ. ಚೈನ್ ಹಿಡಿಯುವುದು ನಿಮ್ಮ ಹುಡುಗರಿಗೆ ಗೊತ್ತು ಅಲ್ವಾ? ರಗ್ಬಿ ಡಿಫೆನ್ಸ್ ಅಂದರೆ ಕೈ ಹಿಡಿಯದ ಚೈನ್. ಆರು ಜನ ಒಂದೇ ಗೆರೆಯಲ್ಲಿ, ಒಬ್ಬ ಹಿಂದೆ ಸ್ವೀಪರ್. ನಾನು ಕಲಿಸುವಾಗ ಇಬ್ಬಿಬ್ಬರ ನಡುವೆ ಒಂದೊಂದು ಟವೆಲ್ ಹಿಡಿಸಿ ಇಡೀ ಗೆರೆಯನ್ನು ಮುಂದಕ್ಕೆ ಓಡಿಸುತ್ತೇನೆ. ಒಬ್ಬ ಮುಂದೆ ನುಗ್ಗಿದರೆ ಟವೆಲ್ ಕೈ ಜಾರುತ್ತದೆ. ಎಲ್ಲಿ ಕಿಂಡಿ ಬಿತ್ತು ಅಂತ ನಾನು ಹೇಳಬೇಕಾಗಿಲ್ಲ, ಅವರ ಕಣ್ಣಿಗೇ ಕಾಣುತ್ತದೆ.

ಖೋ ಖೋ ಹುಡುಗರನ್ನು ಸಪೋರ್ಟ್‌ಗೆ ಹಾಕಿ. ಕೂತಲ್ಲಿಂದ ತಕ್ಷಣ ಎದ್ದು ಓಡುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಪಾಸ್ ಮುಂದಕ್ಕೆ ಕೊಡುವ ಹಾಗಿಲ್ಲ, ಹಾಗಾಗಿ ಚೆಂಡಿರುವವನಿಗಿಂತ ಮೂರು ನಾಲ್ಕು ಹೆಜ್ಜೆ ಹಿಂದೆ, ಪಕ್ಕಕ್ಕೆ ಒಬ್ಬ ಇರಲೇಬೇಕು, ಇದ್ದೇನೆ ಅಂತ ಕೂಗಲೇಬೇಕು. ನಮ್ಮಲ್ಲಿ "ಖೋ" ಅಂತಲೇ ಕೂಗುತ್ತಿದ್ದರು! 2016ರ ರಿಯೋ ಒಲಿಂಪಿಕ್ಸ್ ಫೈನಲ್ ತೋರಿಸಿ. ಫಿಜಿ ಬ್ರಿಟನ್ ತಂಡವನ್ನು 43–7ರಲ್ಲಿ ಸೋಲಿಸಿತು. ಆ ಪುಟ್ಟ ದೇಶಕ್ಕೆ ಅದೇ ಮೊದಲ ಒಲಿಂಪಿಕ್ ಪದಕ, ಅದೂ ಚಿನ್ನ. ಆದರೆ ತೋರಿಸುವಾಗ ಚೆಂಡಿರುವವನನ್ನು ನೋಡಬೇಡಿ, ಉಳಿದ ಆರು ಜನ ಏನು ಮಾಡುತ್ತಿದ್ದಾರೆ ಅಷ್ಟೇ ನೋಡಿ ಅಂತ ಹೇಳಿ. ನನಗೆ ಈ ಆಟ ಅರ್ಥ ಆಗಿದ್ದೇ ಹಾಗೆ.

ಹಾಸನ_ಪಿಟಿ:

ನಿನ್ನೆ ಹುಡುಗರನ್ನು ಕೇಳಿದೆ. ನೀವು ಹೇಳಿದ್ದು ನಿಜ, ಬಿಡದೇ ಹಿಡಿದುಕೊಂಡಿದ್ದಕ್ಕೇ ಸೀಟಿ. ಒಬ್ಬ ಹುಡುಗ "ಬಿಡಬೇಕು ಅಂತ ನೀವು ಹೇಳೇ ಇರಲಿಲ್ಲ ಸರ್" ಅಂದ. ಇಷ್ಟು ದಿನ ಅವನನ್ನೇ ಬೈದಿದ್ದೆ, ಮನಸ್ಸಿಗೆ ಕಷ್ಟ ಆಯಿತು. ಸುತ್ತು ನಿಲ್ಲಿಸಿದ್ದೇನೆ. ಇನ್ನೆರಡು ಪ್ರಶ್ನೆ. ನಮ್ಮ ಮೈದಾನ ಬೇಸಿಗೆಯಲ್ಲಿ ಕಲ್ಲಿನ ಹಾಗೆ, ಟ್ಯಾಕಲ್ ಹೇಗೆ ಮಾಡಿಸಲಿ? ಮತ್ತೆ ಆ ಎರಡು ಗುಂಪು, ಅದಕ್ಕೇನು ಮಾಡಲಿ?

ಚಿಕ್ಕಮಗಳೂರು_ಕೋಚಮ್ಮ:

ಗುಂಪಿನ ಮಾತಿಗೆ ನಾನು ಉತ್ತರ ಕೊಡುತ್ತೇನೆ. ಇಲ್ಲಿ 13 ಹೆಣ್ಣುಮಕ್ಕಳಿಗೆ ಕಲಿಸುತ್ತೇನೆ. ನಮ್ಮಲ್ಲೂ ಮೂಡಿಗೆರೆ ಕಡೆಯ ಎಸ್ಟೇಟ್ ಲೈನ್ ಮನೆಗಳಿಂದ ಬರುವವರು, ಕಡೂರು ಕಡೆಯವರು, ಪೇಟೆಯವರು ಅಂತ ಇತ್ತು. ಒಗ್ಗಟ್ಟಾಗಿರಿ ಅಂತ ಹೇಳಿ ಹೇಳಿ ಸಾಕಾಯಿತು, ಏನೂ ಆಗಲಿಲ್ಲ. ಆಮೇಲೆ ಜೋಡಿ ಮಾಡಿದೆ. ಬೇರೆ ಬೇರೆ ಊರಿನ ಇಬ್ಬರು ಒಂದು ತಿಂಗಳು ಜೋಡಿ, ಉಳಿದವಳು ನನ್ನ ಜೊತೆ. ಒಬ್ಬಳು ಬರದಿದ್ದರೆ ಯಾಕೆ ಅಂತ ತಿಳಿದುಕೊಂಡು ಹೇಳಬೇಕಾದವಳು ಇನ್ನೊಬ್ಬಳು.

ಡಿಸೆಂಬರ್‌ನಲ್ಲಿ ಇಬ್ಬರು ಬರುವುದನ್ನೇ ನಿಲ್ಲಿಸಿದರು. ಅವರಿಗೆ ಆಸಕ್ತಿ ಇಲ್ಲ, ತೆಗೆದುಬಿಡಿ ಅಂತ ಪೇಟೆ ಹುಡುಗಿಯರು ಅಂದರು. ಜೋಡಿಯವಳು ಹೋಗಿ ಕೇಳಿಕೊಂಡು ಬಂದಳು. ಕಾಫಿ ಕೊಯ್ಲು, ಅಪ್ಪ ಅಮ್ಮ ಕತ್ತಲಾಗುವ ತನಕ ತೋಟದಲ್ಲಿ, ಮನೆಯಲ್ಲಿ ಅಡುಗೆ, ತಮ್ಮಂದಿರು ಎಲ್ಲ ಇವರ ಮೇಲೆ. ಅಷ್ಟು ಕೇಳಿದ ಮೇಲೆ ಅದೇ ಪೇಟೆ ಹುಡುಗಿಯರು ಸಂಜೆ ಬೇಡ, ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳೋಣ ಅಂದರು. ನಾನು ಬಾಯಿ ಬಿಟ್ಟಿರಲಿಲ್ಲ. ನನ್ನ ಪ್ರಕಾರ ನಮ್ಮ ತಂಡ ಹುಟ್ಟಿದ್ದು ಆ ದಿನ.

ಇನ್ನೊಂದು, ಬೆಂಚಿನಲ್ಲಿ ಕೂತವರಿಗೆ ಸುಮ್ನೆ ಕೂರಲು ಬಿಡಬೇಡಿ. ನಮ್ಮಲ್ಲಿ ಬೆಂಚಿನವರು ಲೆಕ್ಕ ಬರೆಯುತ್ತಾರೆ: ಚೆಂಡಿರುವವಳು ಬಿದ್ದಾಗ ಮೊದಲು ಬಂದು ಮುಟ್ಟಿದವಳು ಯಾರು. ಪಂದ್ಯ ಮುಗಿದ ಮೇಲೆ ಆ ಹೆಸರು ಮೊದಲು ಓದುತ್ತೇನೆ, ಟ್ರೈ ಹೊಡೆದವಳ (ಎದುರಾಳಿಯ ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿ ಅಂಕ ತಂದವಳ) ಹೆಸರು ಕೊನೆಗೆ. ಮಕ್ಕಳು ನಾವು ಯಾವುದನ್ನು ಹೊಗಳುತ್ತೇವೋ ಅದನ್ನೇ ಮಾಡುತ್ತಾರೆ.

ಒಂದು ತಪ್ಪು ಹೇಳಿಕೊಳ್ಳುತ್ತೇನೆ, ನಿಮಗೆ ಆಗದಿರಲಿ ಅಂತ. ಎರಡು ವರ್ಷದ ಹಿಂದೆ ಒಬ್ಬಳಿಗೆ ತಲೆಗೆ ಪೆಟ್ಟಾಯಿತು. "ಏನೂ ಆಗಿಲ್ಲ ಮಿಸ್" ಅಂದಳು, ನಾನು ನಂಬಿ ಆಡಲು ಬಿಟ್ಟೆ. ಬಸ್ಸಿನಲ್ಲಿ ವಾಂತಿ ಮಾಡಿದಳು, ಎಲ್ಲಿದ್ದೇನೆ ಅಂತ ಕೇಳಿದಳು. ರಾತ್ರಿ ಇಡೀ ಆಸ್ಪತ್ರೆಯಲ್ಲಿ ಅವಳ ಅಮ್ಮನ ಪಕ್ಕ ಕೂತಿದ್ದೆ. ಹುಷಾರಾದಳು. ಆದರೆ ಆ ತಾಯಿ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅದನ್ನು ಮರೆಯಲು ಆಗಿಲ್ಲ. ಪೆಟ್ಟು ಬಿದ್ದ ಅನುಮಾನ ಬಂದರೂ ಸಾಕು, ಹೊರಗೆ ಕೂರಿಸಿ. ಆ ದಿನ ಮತ್ತೆ ಆಡಿಸಲೇಬೇಡಿ. ಡಾಕ್ಟರ್ ಒಪ್ಪಿದ ಮೇಲೂ ಹಂತ ಹಂತವಾಗಿ ತನ್ನಿ. ಮಕ್ಕಳು ಜಾಗ ಹೋಗುತ್ತದೆ ಅಂತ ಹೆದರಿ ಮುಚ್ಚಿಡುತ್ತಾರೆ. ಅದಕ್ಕೇ ಈಗ ಜೋಡಿಯವಳಿಗೂ ಹೇಳಿದ್ದೇನೆ: ನಿನ್ನ ಜೋಡಿಗೆ ತಲೆ ಸುತ್ತಿದರೆ ನೀನು ಕೈ ಎತ್ತು. ಅವಳ ಜಾಗ ಅವಳಿಗೇ ಇರುತ್ತದೆ.

ರಾಗಿ_ಕಣ:

ಮೈದಾನದ ಪ್ರಶ್ನೆಗೆ. ನೆಲ ಕಾದು ಗಟ್ಟಿಯಾದಾಗ ಬೀಳಿಸುವ ಅಭ್ಯಾಸ ಬೇಡವೇ ಬೇಡ. ಆ ತಿಂಗಳುಗಳಲ್ಲಿ ಟಚ್ ರಗ್ಬಿ (ಬೀಳಿಸದೆ ಬರೀ ಮುಟ್ಟುವ ಆಟ), ಪಾಸ್, ಗೆರೆ ಕಟ್ಟುವುದು, ಅಷ್ಟೇ ಸಾಕು. ಟ್ಯಾಕಲ್‌ಗೆ ಗೋಣಿಚೀಲಕ್ಕೆ ಒಣಹುಲ್ಲು ತುಂಬಿ, ಹೊರಗೆ ತೆಂಗಿನ ನಾರಿನ ಹಗ್ಗ ಸುತ್ತಬೇಡಿ, ಕೈ ತರಚುತ್ತದೆ, ಹಳೇ ಬೆಡ್‌ಶೀಟ್ ಹೊಲಿಯಿರಿ. ಕೆಳಗೆ ಹುಲ್ಲು ದಪ್ಪಗೆ ಹಾಸಿ. ಮಳೆ ಶುರುವಾಗಿ ನೆಲ ಮೆತ್ತಗಾದ ಮೇಲೆ ಮನುಷ್ಯರ ಮೇಲೆ. ಒದ್ದೆ ಚೆಂಡು ಜಾರುತ್ತದೆ, ಆಗ ಉದ್ದ ಪಾಸ್ ಬೇಡ, ಹತ್ತಿರದಿಂದ ಎರಡು ಕೈಯಲ್ಲಿ ತಳ್ಳುವ ಪಾಸ್ ಕಲಿಸಿ. ಹತ್ತಿರದ ಪಾಸ್‌ಗೆ ಹತ್ತಿರ ಒಬ್ಬ ಬರಲೇಬೇಕು, ನಿಮಗೆ ಬೇಕಾಗಿದ್ದೂ ಅದೇ ಅಲ್ವಾ?

ಹಾಸನ_ಪಿಟಿ:

ತುಂಬಾ ಥ್ಯಾಂಕ್ಸ್. ಜೋಡಿ ಪಟ್ಟಿ ಇವತ್ತು ಬರೆದೆ, ಪ್ರತಿ ಜೋಡಿಯಲ್ಲೂ ಬೇರೆ ಬೇರೆ ಗುಂಪಿನವರು ಬರುವ ಹಾಗೆ. ಆದರೆ ಆಚೆಯವರು ಆರೇ ಜನ, ಪೇಟೆಯವರು ಹತ್ತು. ನಾಲ್ಕು ಜನ ಪೇಟೆಯವರೇ ಉಳಿಯುತ್ತಾರೆ. ಅವರನ್ನು ಮೂರು ಮೂರು ಜನರ ಗುಂಪಿಗೆ ಸೇರಿಸಿದರೆ ನಡೆಯುತ್ತದಾ ಮೇಡಂ?

ಚಿಕ್ಕಮಗಳೂರು_ಕೋಚಮ್ಮ:

ನಡೆಯುತ್ತದೆ. ಆದರೆ ಮೂವರಲ್ಲಿ ಇಬ್ಬರು ಪೇಟೆಯವರಾದರೆ ಆ ಒಬ್ಬ ಒಂಟಿಯಾಗುತ್ತಾನೆ. ಕಬಡ್ಡಿಯವನು ಒಬ್ಬ, ಖೋ ಖೋದವನು ಒಬ್ಬ ಅಂತ ಆಟ ನೋಡಿ ಜೋಡಿ ಮಾಡಿ, ಊರು ತಾನಾಗಿ ಬೆರೆಯುತ್ತದೆ. ತಿಂಗಳಿಗೊಮ್ಮೆ ಬದಲಿಸುವುದು ಮರೆಯಬೇಡಿ.